ಪಕ್ಕದ ಮನೆಯ ಕಂದಾಯ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲೋ ಸನಿವೇಲ್‌ನಲ್ಲೋ ಮನೆ ಕೊಂಡ ಕನ್ನಡಿಗರಿಗೆ ಮೊದಲ ಆಸ್ತಿ ತೆರಿಗೆ ಬಿಲ್ ಬಂದಾಗ ಎದೆ ಧಸಕ್ಕೆನ್ನುತ್ತದೆ. ಪಕ್ಕದ ಮನೆಯ ಅಜ್ಜಿ ಕಟ್ಟುವ ಮೊತ್ತ ಗೊತ್ತಾದರೆ ಹೊಟ್ಟೆಯೂ ಉರಿಯುತ್ತದೆ.

1970ರ ದಶಕದಲ್ಲಿ ಮನೆಗಳ ಬೆಲೆ ಏರಿತು, ಜೊತೆಗೆ ಕಂದಾಯವೂ ಏರಿತು. ಪಿಂಚಣಿಯಲ್ಲಿ ಬದುಕುವವರು ಕಂಗಾಲಾದರು. 1978ರ ಜೂನ್ 6ರಂದು ಮತದಾರರು ಪ್ರೊಪೊಸಿಷನ್ 13ಕ್ಕೆ (ಜನರೇ ನೇರವಾಗಿ ಮತ ಹಾಕಿ ತೀರ್ಮಾನಿಸುವ ಕಾನೂನು ಪ್ರಸ್ತಾಪ) ಸುಮಾರು ಶೇ 65 ಮತ ಕೊಟ್ಟು ಗೆಲ್ಲಿಸಿದರು. ಮೂಲ ತೆರಿಗೆ, ಸರ್ಕಾರ ಲೆಕ್ಕಕ್ಕೆ ಹಿಡಿಯುವ ಮನೆ ಬೆಲೆಯ ಶೇ 1ಕ್ಕೆ ನಿಂತಿತು. ಆ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಮನೆ ಮಾರಿದಾಗ ಮಾರುಕಟ್ಟೆ ಬೆಲೆಗೆ ಹೊಸ ಲೆಕ್ಕ.

ಗಂಟು ಬಿದ್ದಿದ್ದು ಇಲ್ಲೇ. 1980ರಲ್ಲಿ 1 ಲಕ್ಷ ಡಾಲರಿಗೆ ಕೊಂಡ ಮನೆ ಅಂದುಕೊಳ್ಳಿ. 45 ವರ್ಷ ಕಳೆದರೂ ಅದರ ಮೂಲ ತೆರಿಗೆ 2,440 ಡಾಲರ್ ದಾಟುವುದಿಲ್ಲ. ಅಂಥದ್ದೇ ಮನೆಯನ್ನು ಈಗ 15 ಲಕ್ಷಕ್ಕೆ ಕೊಂಡವರು 15,000 ಕಟ್ಟಬೇಕು. ಮಕ್ಕಳು ದೂರವಾಗಿ ನಾಲ್ಕು ಕೋಣೆ ಖಾಲಿ ಬಿದ್ದರೂ ಅಜ್ಜಿ ಚಿಕ್ಕ ಮನೆಗೆ ಹೋಗಲು ಬಹುಕಾಲ ಹಿಂಜರಿಯುತ್ತಿದ್ದಳು. ಹೋದರೆ ಎಷ್ಟೋ ಸಲ ಕಂದಾಯ ಜಾಸ್ತಿಯಾಗುತ್ತಿತ್ತು! ಹಾಗಾಗಿ ಮಾರಾಟಕ್ಕೆ ಬರುವ ಮನೆಗಳೇ ಕಡಿಮೆ. ಕೆಲಸ ಬದಲಿಸಿದವರೂ ಮನೆ ಬಿಡದೆ ದಿನಾ ಗಂಟೆಗಟ್ಟಲೆ ಕಾರು ಓಡಿಸುತ್ತಾರೆ.

ಇದು ನ್ಯಾಯವೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗೂ ಹೋಯಿತು. ಲಾಸ್ ಏಂಜಲೀಸ್‌ನ ಒಂದು ಪುಟ್ಟ ಮನೆಗೂ ಮ್ಯಾಲಿಬುವಿನ ಕಡಲತೀರದ 21 ಲಕ್ಷ ಡಾಲರಿನ ಮನೆಗೂ ಹೆಚ್ಚುಕಮ್ಮಿ ಒಂದೇ ತೆರಿಗೆ ಎಂದು ತೋರಿಸಿದರೂ, 1992ರಲ್ಲಿ ಕೋರ್ಟು 8-1ರಿಂದ ಕಾನೂನನ್ನೇ ಎತ್ತಿಹಿಡಿಯಿತು.

ಉಳಿದದ್ದು ಮತಪೆಟ್ಟಿಗೆ. ಅಲ್ಲಿ ಬಾಡಿಗೆದಾರರಿಗಿಂತ ಮನೆ ಮಾಲೀಕರು ಹೆಚ್ಚು ಮತ ಹಾಕುತ್ತಾರೆ. ಒಂದೇ ಮನೆಯಲ್ಲಿ ಎಷ್ಟು ವರ್ಷ ಕಳೆದರೆ ಉಳಿತಾಯವೂ ಅಷ್ಟು ದೊಡ್ಡದು. ಅದನ್ನು ಕೈಯಾರೆ ಕಳೆದುಕೊಳ್ಳಲು ಯಾರು ಮತ ಹಾಕುತ್ತಾರೆ, ಅಲ್ವಾ? 2020ರಲ್ಲಿ ಮನೆಗಳನ್ನು ಬಿಟ್ಟು ವಾಣಿಜ್ಯ ಕಟ್ಟಡಗಳಿಗಷ್ಟೇ ರಿಯಾಯಿತಿ ತೆಗೆಯುವ ಪ್ರಸ್ತಾಪವೂ ಸೋತಿತು. ಅದೇ ಚುನಾವಣೆಯಲ್ಲಿ ಪ್ರೊಪೊಸಿಷನ್ 19 ಕೂದಲೆಳೆಯಲ್ಲಿ ಗೆದ್ದಿತು. ಈಗ 55 ದಾಟಿದವರು ಹಳೇ ಲೆಕ್ಕವನ್ನು ರಾಜ್ಯದೊಳಗೆ ಎಲ್ಲಿಗಾದರೂ, ಮೂರು ಸಲದವರೆಗೆ ಒಯ್ಯಬಹುದು. ಅಪ್ಪ-ಅಮ್ಮನ ಮನೆ ಪಡೆದ ಮಕ್ಕಳಿಗೆ ಮಾತ್ರ ಬಿಗಿಯಾಯಿತು. ಅವರೇ ಅಲ್ಲಿ ವಾಸ ಮಾಡಬೇಕು.

ಎಚ್1ಬಿ ವೀಸಾದಲ್ಲಿರುವ ನಮ್ಮವರು ಪೂರ್ತಿ ತೆರಿಗೆ ಕಟ್ಟುತ್ತಾರೆ, ಮತ ಹಾಕುವಂತಿಲ್ಲ. ಗ್ರೀನ್ ಕಾರ್ಡ್ ಸರತಿ ಮುಗಿದು ಪೌರತ್ವ ಸಿಗುವ ಹೊತ್ತಿಗೆ ಪಕ್ಕಕ್ಕೆ ಹೊಸಬರು ಬಂದಿರುತ್ತಾರೆ. ಆಗ ಅಗ್ಗದ ಬಿಲ್ ಇವರದೇ.