ಬೈಕಿನ ಜಿಪಿಎಸ್‌ಗೆ ಕರೆಂಟ್ ಎಲ್ಲಿಂದ ಕೊಡಬೇಕು?

ಪ್ರಶ್ನೆ: ಸಾರ್, ನಮ್ಮದು ಶ್ರೀನಿವಾಸಪುರ ತಾಲೂಕು. ಬಿತ್ತನೆ ಬೀಜದ ಕಂಪನಿಯಲ್ಲಿ ಕೆಲಸ. ದಿನಾ ಮುಳಬಾಗಿಲು, ಚಿಂತಾಮಣಿ ಕಡೆ ಹಳ್ಳಿ ಹಳ್ಳಿ ಸುತ್ತಬೇಕು. ಮ್ಯಾಪ್ ಹಾಕಿಕೊಂಡರೆ ಮಧ್ಯಾಹ್ನದೊಳಗೆ ಫೋನ್ ಸ್ವಿಚ್ ಆಫ್ ಆಗುತ್ತೆ. ಅದಕ್ಕೇ ಹ್ಯಾಂಡಲ್ ಮೇಲೆ ಜಿಪಿಎಸ್ ಕೂರಿಸಿ ಬೈಕಿನ ಕರೆಂಟಿನಲ್ಲೇ ಓಡಿಸೋಣ ಅಂತಿದ್ದೇನೆ. ನನ್ನದು 2014ರ 100 ಸಿಸಿ ಗಾಡಿ. ಗ್ಯಾರೇಜಿನವರು ಹೆಡ್‌ಲೈಟ್ ವೈರಿಗೆ ಕೊಡ್ತೀನಿ ಅಂತಾರೆ. ನಮ್ಮ ಭಾವ ಬ್ಯಾಟರಿಗೇ ಡೈರೆಕ್ಟ್ ಕೊಡು ಅಂತಾರೆ. ಯಾವುದು ಸರಿ? ಬ್ಯಾಟರಿ ಇಳಿದು ಹೋಗಲ್ವಾ?

ಉತ್ತರ: ಎರಡೂ ಬೇಡ. ಹೆಡ್‌ಲೈಟ್ ವೈರನ್ನಂತೂ ಮುಟ್ಟಿಸಲೇಬೇಡಿ. ಕರೆಂಟು ಬ್ಯಾಟರಿಯಿಂದಲೇ ಬರಲಿ, ಆದರೆ ಕೀ ಆನ್ ಮಾಡಿದಾಗ ಮಾತ್ರ ಬರಲಿ. ಮಧ್ಯದಲ್ಲೊಂದು ಫ್ಯೂಸ್ ಇರಲಿ. ಹೀಗೆ ಮಾಡಿದರೆ ಗಾಡಿ ಓಡುತ್ತಿರುವಾಗ ಬ್ಯಾಟರಿ ಇಳಿಯುವ ಭಯ ಇಲ್ಲ. ಕಾರಣ ಗೊತ್ತಿದ್ದರೆ ಗ್ಯಾರೇಜಿನಲ್ಲಿ ಮಾತಾಡೋಕೆ ಧೈರ್ಯ ಬರುತ್ತೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಂಜಿನ್ ತಿರುಗುವಾಗ ಒಳಗಿನ ಮ್ಯಾಗ್ನೆಟ್ ಕಾಯಿಲ್ ಕರೆಂಟ್ ಹುಟ್ಟಿಸುತ್ತೆ. ಹುಟ್ಟುವುದು ಎಸಿ, ಅಂದರೆ ಹಿಂದಕ್ಕೂ ಮುಂದಕ್ಕೂ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು. ಬ್ಯಾಟರಿಗೆ ಬೇಕಿರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ರೆಗ್ಯುಲೇಟರ್ ಅಂತ ಗ್ಯಾರೇಜಿನಲ್ಲಿ ಕರೆಯುವ ಡಬ್ಬಿಯೇ ಅದನ್ನ ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತೆ. ಆದರೆ ಹಳೆಯ ಚಿಕ್ಕ ಗಾಡಿಗಳಲ್ಲಿ ಹೆಡ್‌ಲೈಟಿಗೆ ಹೋಗುವ ಕರೆಂಟು ಬ್ಯಾಟರಿ ಕಡೆ ಹೋಗುವುದೇ ಇಲ್ಲ. ಕಾಯಿಲ್‌ನಿಂದ ಎಸಿಯಾಗಿಯೇ ಬಲ್ಬಿಗೆ ಬರುತ್ತೆ. ಬಲ್ಬಿಗೆ ಎಸಿ ಆದರೇನು, ಡಿಸಿ ಆದರೇನು, ತಂತಿ ಕಾದರೆ ಬೆಳಕು. ಜಿಪಿಎಸ್‌ಗೋ ಫೋನಿಗೋ ಕರೆಂಟ್ ಕೊಡಲು ಬೈಕಿಗೆ ಹಾಕುವ ಮೊಬೈಲ್ ಚಾರ್ಜರ್ ಹಾಗಲ್ಲ. ಅದು ಡಿಸಿಗೆಂದೇ ಮಾಡಿದ್ದು. ಎಸಿ ಕೊಟ್ಟರೆ ಒಂದೋ ಕೆಲಸ ಮಾಡಲ್ಲ, ಇಲ್ಲವೇ ಸುಟ್ಟು ವಾಸನೆ ಬರುತ್ತೆ. ಕೆಲವೊಮ್ಮೆ ನಾಲ್ಕು ದಿನ ಚೆನ್ನಾಗಿ ಓಡಿ ಐದನೇ ದಿನ ಫೋನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೆ.

ನಿಮ್ಮ ಗಾಡಿಯದು ಯಾವ ಥರ ಅಂತ ನೋಡಲು ಒಂದು ಸುಲಭ ಗುರುತಿದೆ. ರಾತ್ರಿ ಹೊತ್ತು ಗಾಡಿ ನಿಂತಲ್ಲೇ ಸ್ಟಾರ್ಟ್ ಮಾಡಿ. ಆಕ್ಸಿಲೇಟರ್ ಕೊಟ್ಟಾಗ ಲೈಟ್ ಜೋರಾಗಿ, ಬಿಟ್ಟಾಗ ಮಂಕಾಗಿ ಉರಿದರೆ, ಎಂಜಿನ್ ಆಫ್ ಮಾಡಿ ಬರೀ ಕೀ ಆನ್ ಇಟ್ಟಾಗ ಉರಿಯದಿದ್ದರೆ, ಅದು ಎಸಿ ಇರುವ ಸಾಧ್ಯತೆ ಜಾಸ್ತಿ. ಆದರೆ ಹೊಸ ಗಾಡಿ ಇರುವವರು ಈ ಗುರುತನ್ನ ನಂಬಬೇಡಿ. 2017ರ ಏಪ್ರಿಲ್‌ನಿಂದ ಬರುವ ಬೈಕುಗಳಲ್ಲಿ ಎಂಜಿನ್ ಸ್ಟಾರ್ಟ್ ಆದರೆ ಹೆಡ್‌ಲೈಟ್ ತಾನಾಗಿಯೇ ಉರಿಯಬೇಕು ಅನ್ನುವ ನಿಯಮ ಇದೆ. ಅವುಗಳಲ್ಲಿ ಡಿಸಿ ಇದ್ದರೂ ಎಂಜಿನ್ ಆಫ್ ಇದ್ದಾಗ ಲೈಟ್ ಉರಿಯದಿರಬಹುದು. ಖಾತ್ರಿ ಬೇಕಾದರೆ ಹೆಡ್‌ಲೈಟ್ ವೈರಿಗೆ ಮಲ್ಟಿಮೀಟರ್ ಹಿಡಿಯಬೇಕು. ಎಂಜಿನ್ ಓಡುತ್ತಿರಲಿ, ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಮುಳ್ಳು ಅಥವಾ ನಂಬರ್ 12ರಿಂದ 14.5ರ ನಡುವೆ ಗಟ್ಟಿಯಾಗಿ ನಿಂತರೆ ಡಿಸಿ. ಸೊನ್ನೆ ಹತ್ತಿರ ತೋರಿಸಿದರೆ, ಮೈನಸ್ ತೋರಿಸಿದರೆ, ಒಂದು ಕಡೆ ನಿಲ್ಲದೆ ಕುಣಿದಾಡಿದರೆ ಆ ವೈರಿನ ಸಹವಾಸ ಬೇಡ.

ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್‌ನವರಿಗೂ ಇದೇ ತಲೆನೋವು. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಎಷ್ಟೋ ಮಾಡೆಲ್‌ಗಳಲ್ಲಿ ಬ್ಯಾಟರಿಯೇ ಇರಲ್ಲ. ಲೈಟಿಗೂ, ಹ್ಯಾಂಡಲ್ ಹಿಡಿ ಬೆಚ್ಚಗಿಡುವ ಕಾಯಿಲ್‌ಗೂ ಹೋಗುವುದು ಎಸಿ. ಅಲ್ಲಿ ಜಿಪಿಎಸ್ ಕೂರಿಸುವವರು ಮೊದಲು ಬೇರೆ ರೆಕ್ಟಿಫೈಯರ್, ಕೆಪಾಸಿಟರ್ ಹಾಕಿ ಡಿಸಿ ಮಾಡಿಕೊಳ್ಳಬೇಕು. ನಮಗೆ ಬ್ಯಾಟರಿ ಇದೆ, ಅಷ್ಟರಮಟ್ಟಿಗೆ ಕೆಲಸ ಸಲೀಸು.

ಈಗ ನಿಮ್ಮ ಭಾವ ಹೇಳಿದ್ದಕ್ಕೆ ಬರೋಣ. ಬ್ಯಾಟರಿಗೇ ನೇರವಾಗಿ ಕೊಟ್ಟರೆ ಚಾರ್ಜರ್ ಓಡುತ್ತೆ, ಸಂಶಯವಿಲ್ಲ. ತೊಂದರೆ ಇರುವುದು ಗಾಡಿ ನಿಂತಾಗ. ಫೋನ್ ತೆಗೆದರೂ ಚಾರ್ಜರ್ ಒಳಗಿನ ಸರ್ಕ್ಯೂಟು, ಅದರ ನೀಲಿ ಲೈಟು ಸ್ವಲ್ಪ ಸ್ವಲ್ಪ ಎಳೆಯುತ್ತಲೇ ಇರುತ್ತವೆ. 10 ಮಿಲಿ ಆಂಪ್ ಅಂತ ಇಟ್ಟುಕೊಳ್ಳಿ. ದಿನಕ್ಕೆ 0.24 ಆಂಪ್ ಅವರ್. ನಿಮ್ಮಂಥ ಗಾಡಿಯ ಬ್ಯಾಟರಿ ಸುಮಾರು 3 ಆಂಪ್ ಅವರ್ (ಎಎಚ್). ಒಂದು ವಾರ ಗಾಡಿ ಮನೆ ಮುಂದೆ ನಿಂತರೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಕಿಕ್ ಹೊಡೆದು ಸ್ಟಾರ್ಟ್ ಮಾಡಬಹುದು, ಸೆಲ್ಫ್ ಎತ್ತೋದು ಕಷ್ಟ. ಕಿಕ್ಕರ್ರೇ ಇಲ್ಲದ ಹೊಸ ಗಾಡಿಗಳಾದರೆ ತಳ್ಳುವುದೇ ಗತಿ.

ಎಂಜಿನ್ ಓಡುವಾಗಿನ ಲೆಕ್ಕ ಬೇರೆ. ಬ್ಯಾಟರಿ ಅನ್ನೋದು ಮನೆ ಮೇಲಿನ ನೀರಿನ ಟ್ಯಾಂಕ್, ಮ್ಯಾಗ್ನೆಟ್ ಅನ್ನೋದು ಬೋರ್‌ವೆಲ್ ಮೋಟರ್ ಅಂದುಕೊಳ್ಳಿ. ಮೋಟರ್ ಓಡುತ್ತಿರುವಾಗ ಒಂದು ನಲ್ಲಿ ಬಿಟ್ಟರೆ ಟ್ಯಾಂಕ್ ಇಳಿಯಲ್ಲ. ಫೋನಿಗೆ 5 ವೋಲ್ಟ್, 2 ಆಂಪ್ ಅಂದರೆ 10 ವ್ಯಾಟ್. ಚಾರ್ಜರ್‌ನಲ್ಲಿ ಬಿಸಿಯಾಗಿ ಹೋಗೋದನ್ನೂ ಸೇರಿಸಿ 12 ವ್ಯಾಟ್ ಅನ್ನಿ. ಬೈಕಿನ ಕಡೆಯಿಂದ ನೋಡಿದರೆ ಸುಮಾರು 1 ಆಂಪ್. ನಮ್ಮ ಬೈಕುಗಳ ಮಾಮೂಲಿ ಹೆಡ್‌ಲೈಟ್ ಬಲ್ಬು 35 ವ್ಯಾಟ್. ಅದರ ಮೂರನೇ ಒಂದು ಭಾಗ ಅಷ್ಟೇ. ಆದರೆ ಮಾವಿನ ತೋಪಿನ ಬದಿಯಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಫೋನ್ ಚಾರ್ಜ್ ಆಗಲಿ ಅಂತ ಕೀ ಆನ್‌ನಲ್ಲೇ ಬಿಟ್ಟು ಒಂದು ಗಂಟೆ ರೈತರ ಹತ್ತಿರ ಮಾತಾಡುತ್ತಾ ನಿಂತಿರೋ, 3 ಎಎಚ್‌ನಲ್ಲಿ 1 ಎಎಚ್ ಹೋಯ್ತು. ಈ ಅಭ್ಯಾಸ ಒಂದು ಬಿಟ್ಟರೆ ಸಾಕು.

ಹಾಗಾದರೆ ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ವೈರ್ ಯಾವುದು? ನನಗೆ ಇಷ್ಟವಾದದ್ದು ಹಿಂದಿನ ಬ್ರೇಕ್ ಸ್ವಿಚ್ಚಿಗೆ ಬರುವ ವೈರು. ಆ ಸ್ವಿಚ್ಚಿಗೆ ಎರಡು ವೈರ್ ಇರುತ್ತವೆ. ಒಂದರಲ್ಲಿ ಕೀ ಆನ್ ಇದ್ದಷ್ಟು ಹೊತ್ತೂ ಕರೆಂಟ್ ಇರುತ್ತೆ, ಇನ್ನೊಂದರಲ್ಲಿ ಬ್ರೇಕ್ ತುಳಿದಾಗ ಮಾತ್ರ. ಟೆಸ್ಟ್ ಲ್ಯಾಂಪ್ ಇಟ್ಟು ನೋಡಿ, ಮೊದಲನೆಯದನ್ನ ಹಿಡಿಯಿರಿ. ತಪ್ಪಿ ಎರಡನೆಯದಕ್ಕೆ ಕೊಟ್ಟರೆ ಬ್ರೇಕ್ ಹಾಕಿದಾಗೆಲ್ಲ ಫೋನ್ ‘ಟಿಂಗ್’ ಅನ್ನುತ್ತೆ, ಅಷ್ಟೇ. ವೈರಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗುತ್ತೆ.

ಒಂದೇ ಒಂದು ಚಿಕ್ಕ ಚಾರ್ಜರ್ ಆದರೆ ಆ ವೈರಿನಿಂದಲೇ 3 ಆಂಪ್ ಫ್ಯೂಸ್ ಮೂಲಕ ಕೊಟ್ಟರೂ ನಡೆಯುತ್ತೆ. ಆದರೆ ನಿಮ್ಮದು ಹಳೇ ಗಾಡಿ. ಕೀ ಸ್ವಿಚ್ಚಿನ ಒಳಗಿನ ಪಾಯಿಂಟುಗಳು ಸವೆದಿರುತ್ತವೆ. ಮುಂದೆ ಎಕ್ಸ್‌ಟ್ರಾ ಲೈಟ್ ಹಾಕಿಸುವ ಆಸೆಯೂ ಹುಟ್ಟಬಹುದು. ಹಾಗಾಗಿ ಒಂದು ರಿಲೇ, ಅಂದರೆ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡುವ ಸ್ವಿಚ್ಚು, ಹಾಕಿಸಿಬಿಡಿ ಅನ್ನೋದು ನನ್ನ ಮಾತು. ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕು ಪಿನ್ನಿನ ರಿಲೇ ಸಾಕು. ಪಿನ್ನುಗಳ ಹತ್ತಿರ ಚಿಕ್ಕ ಅಕ್ಷರದಲ್ಲಿ ನಂಬರ್ ಅಚ್ಚಾಗಿರುತ್ತೆ. 30ಕ್ಕೆ ಬ್ಯಾಟರಿ ಪ್ಲಸ್, ಫ್ಯೂಸ್ ಮೂಲಕ. 87ರಿಂದ ಚಾರ್ಜರ್‌ಗೆ. 86ಕ್ಕೆ ಬ್ರೇಕ್ ಸ್ವಿಚ್ಚಿನ ಆ ವೈರು. 85 ಅರ್ತ್‌ಗೆ. ಕೀ ತಿರುಗಿಸಿದಾಗ ಸೀಟ್ ಕೆಳಗೆ ‘ಟಕ್’ ಅನ್ನೋ ಸದ್ದು ಕೇಳಿದರೆ ಕೆಲಸ ಸರಿಯಾಗಿದೆ. ಚಾರ್ಜರ್‌ನ ಭಾರವೆಲ್ಲ ಬ್ಯಾಟರಿ ಮೇಲೆ, ಕೀ ಸ್ವಿಚ್ಚು ರಿಲೇಯನ್ನ ಎಬ್ಬಿಸುವಷ್ಟು ಮಾತ್ರ ಕೊಡುತ್ತೆ.

ಫ್ಯೂಸ್ ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಇರಬೇಕು. ಹ್ಯಾಂಡಲ್ ಹತ್ತಿರ ಹಾಕಿ ಕೈ ತೊಳೆದುಕೊಳ್ಳುವವರಿದ್ದಾರೆ. ಫ್ಯೂಸ್ ಇರೋದು ವೈರನ್ನ ಕಾಪಾಡಲು. ಟ್ಯಾಂಕ್ ಕೆಳಗೆ ವೈರ್ ಉಜ್ಜಿ ಚಾಸಿಗೆ ತಾಗಿದರೆ, ಫ್ಯೂಸ್ ಅದಕ್ಕಿಂತ ಮುಂದೆ ಎಲ್ಲೋ ಇದ್ದರೆ, ಅದು ಇದ್ದೂ ಇಲ್ಲದ ಹಾಗೆ. ಮೇಲೆ ಪೆಟ್ರೋಲ್ ಟ್ಯಾಂಕ್ ಇದೆ ಅನ್ನೋದು ನೆನಪಿರಲಿ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಪ್ಲಸ್ ಬಿಗಿ ಮಾಡುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೂ ಕಿಡಿ ಹಾರಲ್ಲ.

ವೈರ್ ಎಳೆಯೋದರಲ್ಲಿ ಜಾಸ್ತಿ ಗಾಡಿಗಳು ಕೆಡೋದು ಹ್ಯಾಂಡಲ್ ಕೊರಳಲ್ಲಿ. ಸೀಟ್ ಕೆಳಗಿಂದ ಟ್ಯಾಂಕ್ ಅಡಿಯಲ್ಲಿ ಕಂಪನಿ ವೈರಿಂಗ್ ಜೊತೆಗೇ ಹೊಸ ವೈರ್ ಓಡಿಸಿ, ಸ್ಲೀವ್ ಹಾಕಿ, ಟ್ಯಾಗ್ ಬಿಗಿಯಿರಿ. ಪ್ಲಗ್ಗಿಗೆ ಹೋಗುವ ದಪ್ಪ ವೈರಿನಿಂದ ದೂರ ಇರಲಿ. ಕೊರಳ ಹತ್ತಿರ ಸ್ವಲ್ಪ ಸಡಿಲ ಬಿಡಿ. ಆಮೇಲೆ ಹ್ಯಾಂಡಲನ್ನ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ವೈರ್ ಬಿಗಿಯಾಗಿ ಎಳೆಯಬಾರದು, ಸಂದಿಯಲ್ಲಿ ಸಿಕ್ಕಿಕೊಳ್ಳಲೂಬಾರದು. ಟ್ಯಾಂಕ್ ಕೂರಿಸುವ ಮುಂಚೆಯೇ ಇದನ್ನ ನೋಡಿಕೊಳ್ಳಿ, ಮತ್ತೆ ಬಿಚ್ಚೋಕೆ ಯಾರಿಗೂ ಮನಸ್ಸು ಬರಲ್ಲ. ಚಾರ್ಜರ್ ಸಾಕೆಟ್ಟಿನ ಬಾಯಿ ಕೆಳಗೆ ನೋಡುತ್ತಿರಲಿ, ರಬ್ಬರ್ ಮುಚ್ಚಳ ಇರಲಿ. ಕೇಬಲ್ ಫೋನಿಗೆ ಹೋಗುವ ಮುಂಚೆ ಒಂದು ಕಡೆ ಕೆಳಗೆ ಜೋತು ಬಿದ್ದಿದ್ದರೆ ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ, ಫೋನಿನ ಕಡೆ ಹತ್ತಲ್ಲ.

ಇನ್ನು, ಬೇರೆ ಜಿಪಿಎಸ್ ಕೊಳ್ಳಬೇಕಾ? ಗಾರ್ಮಿನ್‌ನಂಥ ಕಂಪನಿಗಳು ಬೈಕಿಗೆಂದೇ ಜಿಪಿಎಸ್ ಮಾಡುತ್ತವೆ. ಮಳೆ ತಡೆಯುತ್ತವೆ, ಗ್ಲೌಸ್ ಹಾಕಿಕೊಂಡೇ ಮುಟ್ಟಬಹುದು. ಲಡಾಖಿಗೆ ಹೋಗುವವರು ಬೇಕಾದರೆ ತಗೊಳ್ಳಲಿ. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗೋಕೆ ಸುಮ್ನೆ ಅಷ್ಟು ದುಡ್ಡು ಯಾಕೆ? ಫೋನೇ ಸಾಕು. ಸಾಧ್ಯವಾದರೆ ಮನೆಯಲ್ಲಿರುವ ಹಳೇ ಫೋನನ್ನ ಇದಕ್ಕೆ ಮೀಸಲಿಡಿ. ಫೋನಿನ ಕ್ಯಾಮೆರಾಗಳಿಗೆ ಬೈಕಿನ ಅದುರು ಆಗಿಬರಲ್ಲ. ಜೋರು ಎಂಜಿನ್ನಿನ ಬೈಕ್ ಹ್ಯಾಂಡಲ್ ಮೇಲೆ ಐಫೋನ್ ಕೂರಿಸಬೇಡಿ ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು. 100 ಸಿಸಿ ಗಾಡಿಯಲ್ಲಿ ಅದುರು ಕಮ್ಮಿ ಇದ್ದರೂ ನಮ್ಮ ಕಲ್ಲು ರಸ್ತೆಗಳು ಆ ಕೊರತೆ ತುಂಬಿಸುತ್ತವೆ. ಹೋಲ್ಡರ್ ಕೆಳಗೆ ರಬ್ಬರ್ ಇರೋದನ್ನೇ ಆರಿಸಿ. ಏಪ್ರಿಲ್, ಮೇ ಬಿಸಿಲಲ್ಲಿ ಚಾರ್ಜ್ ಆಗುತ್ತಾ ಮ್ಯಾಪ್ ಓಡಿದರೆ ಫೋನ್ ಕಾದು ಚಾರ್ಜಿಂಗ್ ನಿಲ್ಲಿಸಿಬಿಡಬಹುದು. ಅದು ವೈರಿಂಗ್ ತಪ್ಪಲ್ಲ, ನೆರಳಲ್ಲಿ ಸ್ವಲ್ಪ ಹೊತ್ತು ನಿಂತರೆ ಸರಿಹೋಗುತ್ತೆ.

ಆಂಧ್ರ ಗಡಿ ಕಡೆ ಹೋದಾಗ ಟವರ್ ಸಿಗಲ್ಲ, ಆಗ ಜಿಪಿಎಸ್ ನಿಲ್ಲುತ್ತಾ ಅಂತ ಎಷ್ಟೋ ಜನ ಕೇಳುತ್ತಾರೆ. ನಿಲ್ಲಲ್ಲ. ಜಿಪಿಎಸ್‌ಗೆ ಸಿಮ್ ಬೇಡ, ನೆಟ್ ಬೇಡ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಿಗ್ನಲನ್ನ ಫೋನ್ ನೇರವಾಗಿ ಹಿಡಿಯುತ್ತೆ. ನಾಲ್ಕು ಸಿಕ್ಕರೆ ನೀವು ಎಲ್ಲಿದ್ದೀರಿ ಅಂತ ಲೆಕ್ಕ ಹಾಕುತ್ತೆ. ನಮ್ಮ ಇಸ್ರೋದ ನಾವಿಕ್ ಕೂಡ ಇದೇ ಕೆಲಸಕ್ಕೆಂದು ಕಟ್ಟಿದ ಉಪಗ್ರಹ ವ್ಯವಸ್ಥೆ, ಅದನ್ನ ನೋಡಿಕೊಳ್ಳುವ ಕೇಂದ್ರ ಇರೋದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ನೆಟ್ ಬೇಕಾಗೋದು ಮ್ಯಾಪಿನ ಚಿತ್ರಕ್ಕೆ. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯ ಮ್ಯಾಪನ್ನ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಆಯ್ತು. ಚಾರ್ಜರ್ ಹಾಕಿದ ಮೇಲೇ ಲೊಕೇಶನ್ ಅಲ್ಲಿ ಇಲ್ಲಿ ಹಾರಾಡತೊಡಗಿದರೆ ಚಾರ್ಜರ್ ಮೇಲೆ ಅನುಮಾನ ಪಡಿ. ಉಪಗ್ರಹದಿಂದ ಬರುವ ಸಿಗ್ನಲ್ ತುಂಬಾ ಸೂಕ್ಷ್ಮ, ಕಳಪೆ ಚಾರ್ಜರ್‌ನ ಗಲಾಟೆಗೆ ಅದು ಮುಳುಗಿ ಹೋಗಬಹುದು. ಕೇಬಲ್ ಕಿತ್ತು ನೋಡಿ, ಸರಿಹೋದರೆ ಕಳ್ಳ ಸಿಕ್ಕ ಹಾಗೆ.

ಎಲೆಕ್ಟ್ರಿಕ್ ಸ್ಕೂಟರ್ ಇರುವವರು ಮೇಲಿನ ಬ್ಯಾಟರಿ ಮಾತನ್ನ ತಮ್ಮ ಗಾಡಿಗೆ ಹಚ್ಚಬೇಡಿ. ಅಲ್ಲಿ ದೊಡ್ಡ ಬ್ಯಾಟರಿ 48 ವೋಲ್ಟೋ 72 ವೋಲ್ಟೋ ಇರುತ್ತೆ, ಅದಕ್ಕೆ ಕೈ ಹಾಕಬಾರದು. ಲೈಟ್, ಹಾರನ್‌ಗೆ 12 ವೋಲ್ಟ್ ಕೊಡುವ ಬೇರೆ ದಾರಿ ಇರುತ್ತೆ. ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ.

ಕೊನೆಗೆ, ಗಾಡಿ ಕಳುವಾದರೆ ಹುಡುಕೋಕೆ ಅಂತ ಹಾಕುವ ಟ್ರ್ಯಾಕರ್ ಬೇರೆ ವಸ್ತು. ಅದು ಕೀ ಆಫ್ ಇದ್ದಾಗಲೂ ಎಚ್ಚರವಾಗಿರಬೇಕು, ಆದ್ದರಿಂದ ಅದಕ್ಕೆ ಮಾತ್ರ ಬ್ಯಾಟರಿಯಿಂದ ನೇರ ಕರೆಂಟು, ಫ್ಯೂಸ್ ಸಮೇತ. ನಿಂತಾಗ ಎಷ್ಟು ಎಳೆಯುತ್ತೆ ಅಂತ ಕೇಳಿ ಕೊಳ್ಳಿ. 20 ಮಿಲಿ ಆಂಪ್ ಆದರೆ ನಿಮ್ಮ ಬ್ಯಾಟರಿ ವಾರದೊಳಗೆ ಖಾಲಿ. ಮನೆಯಲ್ಲೇ ಅಳೆಯಬೇಕಾದರೆ ಕೀ ಆಫ್ ಮಾಡಿ, ಮೈನಸ್ ಟರ್ಮಿನಲ್ ಬಿಚ್ಚಿ, ಮಧ್ಯದಲ್ಲಿ ಮಲ್ಟಿಮೀಟರನ್ನ 10 ಆಂಪ್ ರೇಂಜಿನಲ್ಲಿಟ್ಟು ನೋಡಿ. ಆಗ ಮರೆತು ಕೀ ಆನ್ ಮಾಡಿ ಸೆಲ್ಫ್ ಒತ್ತಿದರೆ ಮೀಟರಿನ ಫ್ಯೂಸೋ, ಮೀಟರೇ ಹೋಗಬಹುದು. ಟ್ರ್ಯಾಕರ್‌ಗೆ ಸಿಮ್ ಬೇಕು. ಅಗ್ಗದ ಟ್ರ್ಯಾಕರ್‌ಗಳಲ್ಲಿ ಎಷ್ಟೋ 2ಜಿ ಮಾತ್ರ ಹಿಡಿಯುತ್ತವೆ, ಜಿಯೋದಲ್ಲಿ 2ಜಿ ಇಲ್ಲ. ದುಡ್ಡು ಕೊಡುವ ಮುಂಚೆ 2ಜಿಯಾ, 4ಜಿಯಾ ಅಂತ ಅಂಗಡಿಯವರನ್ನ ಕೇಳಿಬಿಡಿ.