ಕಾಫಿಯ ಹೂವು, ರಾಗಿಯ ಎಲೆ

ಹಾಸನದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಕಲೇಶಪುರ. ಉತ್ತರದ ಕಡೆ ಹೆಚ್ಚುಕಡಿಮೆ ಅಷ್ಟೇ ದೂರ ಹೋದರೆ ಅರಸೀಕೆರೆ. ಒಂದು ಕಡೆ ತಿಂಗಳುಗಟ್ಟಲೆ ಸುರಿಯುವ ಮಳೆ, ಕಾಫಿ, ಮೆಣಸು, ಏಲಕ್ಕಿ. ಇನ್ನೊಂದು ಕಡೆ ಮೋಡದ ದಾರಿ ಕಾಯುವ ಬಯಲು, ರಾಗಿ, ತೆಂಗು. ಹಾಸನದ ಪದವಿ ಕಾಲೇಜುಗಳ ಮೊದಲ ವರ್ಷದ ಸಸ್ಯವಿಜ್ಞಾನ ಪ್ರಯೋಗಾಲಯದಲ್ಲಿ ಈ ಎರಡೂ ಕಡೆಯ ವಿದ್ಯಾರ್ಥಿಗಳು ಒಂದೇ ಮೇಜಿನ ಸುತ್ತ ನಿಲ್ಲುತ್ತಾರೆ. ಗಿಡಗಳ ಪಾಠ ಶುರು ಮಾಡಲು ಇದಕ್ಕಿಂತ ಅನುಕೂಲವಾದ ಜಾಗ ಬೇಕೆ? ಆದರೂ ಎಷ್ಟೋ ಪ್ರಯೋಗ ತರಗತಿಗಳು ಪೆಟ್ಟಿಗೆಯಲ್ಲಿ ಬಂದ ಸಿದ್ಧ ಸ್ಲೈಡನ್ನು ಒಮ್ಮೆ ಇಣುಕಿ, ಪುಸ್ತಕದ ಚಿತ್ರವನ್ನು ರೆಕಾರ್ಡಿಗೆ ಇಳಿಸುವುದರಲ್ಲೇ ಮುಗಿದುಹೋಗುತ್ತವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ತೋಟದ ಮನೆಯ ಹುಡುಗಿ ಒಂದು ಕಾಫಿ ರೆಂಬೆ ತರಲಿ, ಹೊಲದ ಮನೆಯ ಹುಡುಗ ನಾಲ್ಕು ರಾಗಿ ಎಲೆ ತರಲಿ. ಮೊದಲ ವರ್ಷದಲ್ಲಿ ಕಲಿಯಬೇಕಾದದ್ದರ ದೊಡ್ಡ ಪಾಲು ಅವುಗಳಲ್ಲೇ ಇದೆ.

ಕಾಫಿ ಹೂವಿನಿಂದಲೇ ಶುರು ಮಾಡೋಣ. ತೋಟ ಬೆಳ್ಳಗೆ ಅರಳಿ ನಿಂತಾಗ ಎಲ್ಲರಿಗೂ ಮಲ್ಲಿಗೆ ನೆನಪಾಗುತ್ತದೆ. ಅದೇ ಬಿಳುಪು, ಅದೇ ಉದ್ದನೆಯ ಕೊಳವೆ, ಮೂಗು ತುಂಬುವ ಪರಿಮಳ. ಫ್ರಾನ್ಸಿನ ಸಸ್ಯವಿಜ್ಞಾನಿ ಆಂಟ್ವಾನ್ ದ ಜುಸ್ಸಿಯು ಕೂಡ 1713ರಲ್ಲಿ ಕಾಫಿಯನ್ನು ಮಲ್ಲಿಗೆಯ ಜಾತಿಗೇ ಸೇರಿಸಿ ಹೆಸರಿಟ್ಟಿದ್ದರು. ಅದನ್ನು ಅಲ್ಲಿಂದ ಬಿಡಿಸಿ ಕಾಫಿಯಾ ಎಂಬ ಬೇರೆಯೇ ಜಾತಿ ಮಾಡಿದ್ದು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್.

ಬಿಡಿಸಲು ಬೇಕಾದ ಸಾಕ್ಷ್ಯ ಹೂವಿನೊಳಗೇ ಇದೆ. ನೋಡಲು ಒಂದು ಸೂಜಿ, ಒಂದು ಭೂತಗನ್ನಡಿ ಸಾಕು. ಮಲ್ಲಿಗೆಯ ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಅಡಗಿರುವುದು ಎರಡೇ ಕೇಸರ. (ಮಾಲೆ ಕಟ್ಟುವ ದುಂಡುಮಲ್ಲಿಗೆ ಇದಕ್ಕೆ ಆಗದು, ಒಂದೇ ಸುತ್ತು ದಳದ ಕಾಡುಮಲ್ಲಿಗೆ ಬೇಕು.) ಅರೇಬಿಕಾ ಕಾಫಿಯ ಹೂವಿನಲ್ಲಾದರೆ ಸಾಮಾನ್ಯವಾಗಿ ಐದು ದಳ, ಐದು ಕೇಸರ, ಕೇಸರಗಳು ಕೊಳವೆಯ ಬಾಯಿಯಲ್ಲಿ, ದಳಗಳ ನಡುವಿನ ಸಂದುಗಳಲ್ಲಿ ನಿಂತು ಹೊರಗೆ ಚಾಚಿರುತ್ತವೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ಬುಡದಲ್ಲಿದೆ. ಮಲ್ಲಿಗೆಯ ದಳಗಳನ್ನು ಎಳೆದು ತೆಗೆದರೆ ಅಂಡಾಶಯ ಹಸಿರು ಬಟ್ಟಲಿನ ಒಳಗೆ ಉಳಿದಿರುತ್ತದೆ. ಕಾಫಿಯಲ್ಲಿ ಅದು ಆ ಬಟ್ಟಲಿಗಿಂತ ಕೆಳಗೆ, ತೊಟ್ಟಿನ ತುದಿ ದಪ್ಪವಾದಂತೆ ಕಾಣುವ ಹಸಿರು ಗಂಟಿನಲ್ಲಿದೆ. ಆ ಗಂಟನ್ನು ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿದರೆ ಎರಡು ಕೋಣೆಗಳು, ಒಂದೊಂದರಲ್ಲಿ ಒಂದೊಂದು ಅಂಡಕ. ಮುಂದೆ ಹಣ್ಣಿನಲ್ಲಿ ಬೆನ್ನು ದುಂಡಾಗಿ ಹೊಟ್ಟೆ ಚಪ್ಪಟೆಯಾಗಿ ಎದುರುಬದುರು ಕೂರುವ ಎರಡು ಬೀಜಗಳು ಇವೇ. ಒಂದು ಅಂಡಕ ಬೆಳೆಯದೆ ಹೋದರೆ ಉಳಿದದ್ದು ಜಾಗವನ್ನೆಲ್ಲ ತಾನೇ ತುಂಬಿಕೊಂಡು ದುಂಡಗಾಗುತ್ತದೆ. ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್‌ನಲ್ಲಿ ಬೇರೆಯಾಗಿ ಆರಿಸಿ ಮಾರುವ ಪೀಬೆರಿ ಅದು. ಮನೆಯಲ್ಲಿ ಹುಟ್ಟಿದಾಗಿನಿಂದ ಪೀಬೆರಿಯ ಹೆಸರು ಕೇಳಿದ ವಿದ್ಯಾರ್ಥಿ ಅದರ ಹುಟ್ಟನ್ನು ಹೂವಿನೊಳಗೆ ಕಂಡಾಗ ಮುಖ ಅರಳುವುದನ್ನು ನೋಡಬೇಕು.

ಹೂವಿಲ್ಲದ ಕಾಲದಲ್ಲೂ ಕಾಫಿಯ ಕುಟುಂಬವನ್ನು ಗುರುತಿಸಬಹುದು. ಎಲೆಗಳು ಜೋಡಿಜೋಡಿಯಾಗಿವೆ. ಎದುರುಬದುರು ತೊಟ್ಟುಗಳ ನಡುವೆ, ಕಾಂಡಕ್ಕೆ ಅಂಟಿದಂತೆ, ಚೂಪು ತುದಿಯ ಒಂದು ಪುಟ್ಟ ಹಸಿರು ಚಿಪ್ಪು ಇರುತ್ತದೆ. ಅದು ಕಾವಿನೆಲೆ. ಕೇಪಳದ ಗಿಡದಲ್ಲಿ ಹುಡುಕಿ, ಅಲ್ಲೂ ಇದೆ. ಬೇಲಿಯ ಕಾರೆ ಗಿಡದಲ್ಲೂ ಇದೆ. ಮೂರೂ ಒಂದೇ ಕುಟುಂಬದವು. ಈಗ ಮೊಬೈಲಿನಲ್ಲಿ ಫೋಟೋ ತೆಗೆದರೆ ಗಿಡದ ಹೆಸರು ಬರುತ್ತದೆ, ಅದು ಒಳ್ಳೆಯದೇ. ಆದರೆ ಆ ಹೆಸರು ಯಾಕೆ ಸರಿ ಎಂಬುದನ್ನು ಉಗುರಿನಿಂದ ಆ ಚಿಪ್ಪನ್ನು ಮುಟ್ಟಿ ನೋಡಿದವನು ಮಾತ್ರ ಹೇಳಬಲ್ಲ.

ಹೀಗೆ ಮುಟ್ಟಿ, ಎಣಿಸಿ, ಕತ್ತರಿಸಿ ಹೆಸರಿಗೆ ತಲುಪುವ ದಾರಿ ಹಾಕಿಕೊಟ್ಟ ಪುಸ್ತಕ ಹಾಸನದ ಪಾಲಿಗೆ ಮೊದಲೇ ಸಿದ್ಧವಾಗಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ, ಸಸ್ಯವಿಜ್ಞಾನಿ ಸೆಸಿಲ್ ಸಲ್ಡಾನಾ ಅವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಜೊತೆಗೂಡಿ ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ 1976ರಲ್ಲಿ ಬಂತು. ಪಶ್ಚಿಮದ ಘಟ್ಟದ ಕಾಡಿನಿಂದ ಪೂರ್ವದ ಒಣ ಬಯಲಿನವರೆಗೆ ಒಂದೇ ಜಿಲ್ಲೆಯಲ್ಲಿ ಇಷ್ಟು ಬಗೆಯ ನೆಲ ಸಿಗುವುದು ಅಪರೂಪ. ಅಂಥ ಪುಸ್ತಕದಲ್ಲಿ ಗಿಡದ ಹೆಸರು ಪತ್ತೆಹಚ್ಚುವ ಕೀಲಿಕೈ ಎಂದರೆ ಎರಡೆರಡು ಪ್ರಶ್ನೆಗಳ ಸಾಲು. ಎಲೆ ಎದುರುಬದುರೇ, ಒಂದು ಬಿಟ್ಟು ಒಂದೇ? ಅಂಡಾಶಯ ಮೇಲಿದೆಯೇ, ಕೆಳಗಿದೆಯೇ? ಗಿಡ ಕೈಯಲ್ಲಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು.

ಇನ್ನು ರಾಗಿ. ರಾಗಿಯ ಎಲೆಯನ್ನು ಅಡ್ಡಕ್ಕೆ ತೆಳುವಾಗಿ ಕೊಯ್ಯುವುದು ಮೊದಲ ವರ್ಷದವರಿಗೆ ಸುಲಭದ ಕೆಲಸವಲ್ಲ; ಹಾಗೆಂದೇ ಅದನ್ನು ಮಾಡಿಸಬೇಕು. ಗಜ್ಜರಿಯ ತುಂಡನ್ನು ಅರ್ಧದವರೆಗೆ ಸೀಳಿ, ಎಲೆಯ ಚೂರನ್ನು ಆ ಸೀಳಿನಲ್ಲಿ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಬ್ಲೇಡು ಹೊಸದಿರಬೇಕು, ನೀರಿನಲ್ಲಿ ಒದ್ದೆಯಾಗಿರಬೇಕು. ಗರಗಸ ಆಡಿಸಿದಂತೆ ಹಿಂದೆ ಮುಂದೆ ಎಳೆದರೆ ಎಲೆ ಜಜ್ಜಿಹೋಗುತ್ತದೆ. ಒಂದೇ ಎಳೆತಕ್ಕೆ, ಓರೆಯಾಗಿ, ತನ್ನ ಕಡೆಗೆ ತಂದುಕೊಳ್ಳಬೇಕು. ಕೊಯ್ದ ಪದರಗಳನ್ನೆಲ್ಲ ವಾಚ್‌ಗ್ಲಾಸಿನ ನೀರಿನಲ್ಲಿ ತೇಲಿಬಿಟ್ಟು, ಅವುಗಳಲ್ಲಿ ಕಣ್ಣಿಗೆ ಕಂಡೂ ಕಾಣದಂತಿರುವ ಚೂರೊಂದನ್ನು ಕುಂಚದಿಂದ ಎತ್ತಿ ಸ್ಲೈಡಿನ ಮೇಲೆ ಹನಿ ನೀರಿನಲ್ಲಿ ಇಟ್ಟು, ಕವರ್ ಸ್ಲಿಪ್ಪನ್ನು ಒಂದು ಬದಿಯಿಂದ ಮೆಲ್ಲಗೆ ಇಳಿಸಬೇಕು. ಬಣ್ಣ ಹಾಕುವುದೇ ಬೇಡ. ಇಲ್ಲಿ ನೋಡಬೇಕಾದದ್ದು ಎಲೆಯ ಸ್ವಂತ ಹಸಿರು.

ಸೂಕ್ಷ್ಮದರ್ಶಕದಲ್ಲಿ ಕೊಯ್ದ ಚೂರಿನ ಉದ್ದಕ್ಕೂ ಸಾಲಾಗಿ ನಾಳಗಳು ಕಾಣುತ್ತವೆ. ಪ್ರತಿ ನಾಳದ ಸುತ್ತ ದೊಡ್ಡ ಕೋಶಗಳ ಒಂದು ಬಳೆ, ಕಡು ಹಸಿರು. ಗಮನವಿಟ್ಟರೆ ಆ ಕೋಶಗಳೊಳಗೆ ಹರಿದ್ರೇಣುಗಳು, ಅಂದರೆ ಹಸಿರು ಕಣಗಳು, ನಾಳದ ಬದಿಗೇ ಗುಂಪುಗೂಡಿರುವುದೂ ತಿಳಿಯುತ್ತದೆ. ಅದೇ ಮೇಜಿನಲ್ಲಿ ಕಾಫಿ ಎಲೆಯನ್ನೂ ಹೀಗೇ ಕೊಯ್ದು ನೋಡಿ. ಬಳೆ ಇಲ್ಲ. ಮೇಲೆ ಕಂಬಗಳಂತೆ ನೆಟ್ಟಗೆ ನಿಂತ ಹಸಿರು ಕೋಶಗಳು, ಕೆಳಗೆ ಗಾಳಿಗೆ ಸಂದು ಬಿಟ್ಟು ಸಡಿಲವಾಗಿ ಹರಡಿದ ಕೋಶಗಳು, ಹಸಿರೆಲ್ಲ ಅವುಗಳಲ್ಲಿ.

ಹಸಿರು ಬಳೆಯ ಗುಟ್ಟು ರುಬಿಸ್ಕೋ ಎಂಬ ಕಿಣ್ವದ ದೌರ್ಬಲ್ಯದಲ್ಲಿದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿಯಬೇಕಾದ ಈ ಕಿಣ್ವ ಆಗಾಗ ಆಮ್ಲಜನಕವನ್ನೂ ಹಿಡಿದುಬಿಡುತ್ತದೆ. ಬಿಸಿಲು ಏರಿದಷ್ಟೂ ಈ ನಷ್ಟ ಹೆಚ್ಚು. ರಾಗಿಯ ಎಲೆ ಕೆಲಸವನ್ನು ಎರಡು ಕಡೆ ಹಂಚಿದೆ. ಹೊರಗಿನ ಕೋಶಗಳು ಬೇರೊಂದು ಕಿಣ್ವದಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು, ನಾಲ್ಕು ಇಂಗಾಲದ ಆಮ್ಲವಾಗಿ ಮಾಡಿ, ಬಳೆಯ ಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ಅದು ಮತ್ತೆ ಬಿಡುಗಡೆಯಾಗಿ ದಟ್ಟವಾಗುತ್ತದೆ. ರುಬಿಸ್ಕೋಗೆ ತಪ್ಪುವ ಅವಕಾಶ ಕಡಿಮೆ. ಪತ್ರರಂಧ್ರಗಳನ್ನು ಅಗಲಕ್ಕೆ ತೆರೆಯದೆಯೂ ಕೆಲಸ ನಡೆಯುವುದರಿಂದ ನೀರೂ ಉಳಿಯುತ್ತದೆ. ಇದಕ್ಕೆ ಹೆಚ್ಚಿನ ಶಕ್ತಿ ಖರ್ಚಾಗುತ್ತದೆ, ನಿಜ. ಬಯಲಿನ ಬಿಸಿಲು ಅದನ್ನು ಧಾರಾಳವಾಗಿ ಕೊಡುತ್ತದೆ. ಮರದ ನೆರಳಿನಲ್ಲಿ ಬೆಳೆಯುವ ಕಾಫಿಗೆ ಆ ಖರ್ಚು ಗಿಟ್ಟುವುದಿಲ್ಲ. ಅರಸೀಕೆರೆಯ ಬಿಸಿಲಿಗೂ ಸಕಲೇಶಪುರದ ನೆರಳಿಗೂ ಇರುವ ಅಂತರ ಹೀಗೆ ಎರಡು ಸ್ಲೈಡುಗಳಲ್ಲಿ ಕಾಣುತ್ತದೆ.

ಈ ಹಸಿರು ಬಳೆಯನ್ನು ಜರ್ಮನ್ ಭಾಷೆಯ ಸಸ್ಯವಿಜ್ಞಾನಿ ಗಾಟ್ಲೀಬ್ ಹೇಬರ್ಲಾಂಟ್ 1880ರ ದಶಕದಲ್ಲೇ ವಿವರಿಸಿದ್ದರು. ಅದು ಅಲ್ಲಿ ಏಕಿದೆ ಎಂಬುದಕ್ಕೆ ಉತ್ತರ ಸಿಗಲು ಸುಮಾರು 80 ವರ್ಷ ಬೇಕಾಯಿತು. 1966ರಲ್ಲಿ ಆಸ್ಟ್ರೇಲಿಯಾದಲ್ಲಿ ವಿಜ್ಞಾನಿಗಳಾದ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನ ಎಲೆಯ ಮೇಲೆ ಕೆಲಸ ಮಾಡಿ ಈ ದಾರಿಯನ್ನು ಬಿಡಿಸಿಟ್ಟರು. ಕಣ್ಣು ಮೊದಲು ಕಂಡಿತು, ವಿವರಣೆ ಆಮೇಲೆ ಬಂತು. ತರಗತಿಯಲ್ಲೂ ಅದೇ ಕ್ರಮ ಇರಲಿ ಎಂಬುದು ನನ್ನ ಆಗ್ರಹ: ಕಪ್ಪುಹಲಗೆಯ ಮೇಲೆ ರಾಸಾಯನಿಕ ಚಕ್ರ ಬರೆಯುವ ಮುನ್ನ ಎಲೆ ಕೊಯ್ಯಿಸಿ, ಕಂಡದ್ದನ್ನು ಪೆನ್ಸಿಲ್ಲಿನಲ್ಲಿ ಬರೆಸಿ, ‘ಇದು ಯಾಕೆ ಹೀಗೆ?’ ಎಂಬ ಪ್ರಶ್ನೆ ಅವರಿಂದಲೇ ಬರುವಂತೆ ಮಾಡಬೇಕು.

ತೊಡಕಿರುವುದು ಕಾಲದ್ದು. ಬೇಸಿಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳುವ ಕಾಫಿ ಕೆಲವೇ ದಿನಗಳಲ್ಲಿ ಬಾಡುತ್ತದೆ. ರಾಗಿ ಹೊಲದಲ್ಲಿರುವುದು ಮುಂಗಾರಿನಲ್ಲಿ. ಸೆಮಿಸ್ಟರಿನ ವೇಳಾಪಟ್ಟಿ ಎರಡನ್ನೂ ಕಾಯುವುದಿಲ್ಲ. ರಾಗಿಗೆ ಉಪಾಯ ಸುಲಭ: ಕಾಲೇಜಿನ ಮಹಡಿಯ ಮೇಲೆ ಬಿಸಿಲು ಬೀಳುವ ಕಡೆ ಒಂದು ಕುಂಡದಲ್ಲಿ ಹಿಡಿ ರಾಗಿ ಚೆಲ್ಲಿದರೆ ಕೆಲವೇ ವಾರಗಳಲ್ಲಿ ಎಲೆ ಸಿಗುತ್ತದೆ. ಕಾಫಿ ಹೂವನ್ನು ಅರಳಿದ ದಿನವೇ ಅಗಲ ಬಾಯಿಯ ಬಾಟಲಿಯಲ್ಲಿ ಶೇ 70ರ ಆಲ್ಕೊಹಾಲಿನಲ್ಲಿ ಮುಳುಗಿಸಿಡಬೇಕು. ಬಿಳುಪೂ ಪರಿಮಳವೂ ಹೋಗುತ್ತವೆ, ಆದರೆ ಕೇಸರ ಎಣಿಸಬಹುದು, ಅಂಡಾಶಯ ಕೊಯ್ಯಬಹುದು. ತಂದ ಊರು, ತೋಟ, ದಿನಾಂಕವನ್ನು ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆದು ಬಾಟಲಿಯ ಒಳಗೇ ಹಾಕಬೇಕು; ಪೆನ್ನಿನ ಶಾಯಿಯಾದರೆ ಆಲ್ಕೊಹಾಲಿನಲ್ಲಿ ಕರಗಿಹೋಗುತ್ತದೆ.