ಅರಸಿನ ಹುಡಿಗೆ ಒಟ್ಟೆ ಯಾವುದು, ದಾರಿ ಯಾವುದು ಅಂತ ಗೊತ್ತಿಲ್ಲ

ನಮ್ಮ ಮಾವನ ಪ್ರೀಮಿಯರ್ ಪದ್ಮಿನಿ ಕಾರು ಮಡಿಕೇರಿಗೆ ಹತ್ತುವ ಸಂಪಾಜೆ ಘಾಟಿಯಲ್ಲಿ ಮೂರನೇ ಸಲ ಕುದ್ದು ನಿಂತಾಗ ಕಾರಣ ಹೇಳ್ಲಿಕ್ಕೆ ಜನಕ್ಕೇನೂ ಬರಗಾಲ ಇರ್ಲಿಲ್ಲ. ಅತ್ತೆ ದೃಷ್ಟಿ ಅಂದ್ರು, ಹಿಂದಿನ ಸೀಟಿನವರು ಮಾರಿಬಿಡಿ ಅಂದ್ರು, ಪೆರ್ಲದ ಹತ್ರದ ಒಬ್ಬ ಮೆಕ್ಯಾನಿಕ್ ಅಂತೂ ಹೊರಡುವ ಮೊದಲೇ, ಇಂಜಿನ್ ತಣ್ಣಗಿಡುವ ನೀರು ಇರ್ತದಲ್ಲ, ಆ ರೇಡಿಯೇಟರಿಗೆ ಎರಡು ಚಮಚ ಅರಸಿನ ಹುಡಿ ಹಾಕಿ "ಇನ್ನು ಲೀಕ್ ಆಗುದಿಲ್ಲ" ಅಂತ ಧೈರ್ಯ ಕೊಟ್ಟು ಕಳ್ಸಿದ್ರು. ಬಂಪರಿಗೆ ನಿಂಬೆಹಣ್ಣು ಮೆಣಸು ಬೇರೆ ಕಟ್ಟಿತ್ತು. ನನಗೆ ನಿಂಬೆಹಣ್ಣಿನ ಮೇಲೆ ಸಿಟ್ಟಿಲ್ಲ, ಅದು ಪಾಪ ರೇಡಿಯೇಟರ್ ಒಳಗೆ ಹೋಗುದಿಲ್ಲ. ಸಿಟ್ಟು ಇರೋದು ಅರಸಿನದ ಮೇಲೆ.

ಅರಸಿನ ಕೆಲಸ ಮಾಡುದೇ ಇಲ್ಲ ಅಂತಲ್ಲ. ಅದರಲ್ಲಿ ಪಿಷ್ಟ ತುಂಬ ಉಂಟು, ಬಿಸಿನೀರಲ್ಲಿ ಉಬ್ಬಿ ಗಂಜಿತೆಳಿಯ ಹಾಗೆ ಅಂಟಂಟಾಗ್ತದೆ, ಸೂಜಿಮೊನೆಯಷ್ಟು ಒಟ್ಟೆ ಇದ್ರೆ ಸ್ವಲ್ಪ ದಿನ ಮುಚ್ತದೆ. ಆದ್ರೆ ರೇಡಿಯೇಟರಿನ ಟ್ಯೂಬುಗಳೂ ಸಪೂರವೇ ಅಲ್ವಾ, ನೀರು ಹೋಗಬೇಕಾದ ದಾರಿಗೂ ಹೋಗಬಾರದ ಒಟ್ಟೆಗೂ ಅರಸಿನ ಭೇದ ಮಾಡುದಿಲ್ಲ. ಲೀಕ್ ನಿಂತಿತು ಅಂತ ನೀವು ಖುಷಿಯಲ್ಲಿರುವಾಗ ರೇಡಿಯೇಟರ್ ಒಳಗಿಂದ ಕಟ್ಟಿಕೊಳ್ತಾ ಇರ್ತದೆ.

ಅದಕ್ಕಿಂತ ದೊಡ್ಡ ತಪ್ಪು ತಿಳುವಳಿಕೆ ಎಂತ ಅಂದ್ರೆ, ಲೀಕ್ ಅಂದ್ರೆ ನೀರು ಹೋಗುದು ಅಂತ ಎಲ್ಲರೂ ತಿಳ್ಕೊಂಡದ್ದು. ನೀರು ಹೋದ್ರೆ ತುಂಬಿಸಬಹುದು ಮಾರಾಯ್ರೆ. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಹೆಂಗಸು, ಕಾರು ಮಾಡಿದ ಕಾರ್ಲ್ ಬೆಂಜನ ಹೆಂಡತಿ, ಗಂಡನಿಗೆ ಹೇಳದೆ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು 100 ಕಿಲೋಮೀಟರ್ ಕಾರು ಓಡಿಸಿದ್ದು ಹಾಗೆಯೇ, ಸಿಕ್ಕಿದಲ್ಲೆಲ್ಲ ನೀರು ತುಂಬಿಸಿಕೊಂಡು. ಆ ಕಾರಲ್ಲಿ ನೀರು ಕುದ್ದು ಆವಿಯಾಗಿ ಹೋಗುದೇ ಕೂಲಿಂಗ್. ನಮ್ಮ ಕಾರಲ್ಲಿ ಹಾಗಲ್ಲ, ಇಲ್ಲಿ ಲೀಕ್ ಆದ್ರೆ ಮೊದಲು ಹೋಗುದು ಪ್ರೆಶರ್.

ರೇಡಿಯೇಟರ್ ಕ್ಯಾಪು ಬರೀ ಮುಚ್ಚಳ ಅಲ್ಲ, ಅದೊಂದು ವಾಲ್ವ್. 1679ರಲ್ಲಿ ಡೆನಿಸ್ ಪಾಪ್ಯಾ ಅಂತ ಒಬ್ಬ ಫ್ರೆಂಚರವ ಎಲುಬನ್ನೂ ಮೆತ್ತಗೆ ಬೇಯಿಸುವ ಪಾತ್ರೆ ಮಾಡಿದ, ಅದು ಸಿಡಿಯದ ಹಾಗೆ ಭಾರ ಇಟ್ಟ ವಾಲ್ವನ್ನೂ ಮಾಡಿದ, ನಮ್ಮ ಅಡಿಗೆಮನೆಯ ಕುಕ್ಕರ್ ಅದರದ್ದೇ ಸಂತಾನ, ರೇಡಿಯೇಟರ್ ಕ್ಯಾಪು ಅದರ ಇನ್ನೊಂದು ಕವಲು, ಭಾರದ ಬದಲು ಸ್ಪ್ರಿಂಗ್ ಅಷ್ಟೆ. ಪ್ರೆಶರ್ ಜಾಸ್ತಿ ಆದಷ್ಟೂ ನೀರು ಕುದೀಲಿಕ್ಕೆ ಹೆಚ್ಚು ಬಿಸಿ ಬೇಕು. ಕುಂಬಳೆ ಕಡಲಬದಿಯಲ್ಲಿ ನೀರು 100 ಡಿಗ್ರಿಗೆ ಕುದಿತದೆ. 7 ಪಿಎಸ್‌ಐ (ಅದು ಪ್ರೆಶರಿನ ಅಳತೆ) ಕ್ಯಾಪ್ ಸರಿ ಇದ್ರೆ ಸುಮಾರು 111 ಆಗುವವರೆಗೆ ಕುದಿಯುದಿಲ್ಲ. ಮಡಿಕೇರಿ ಸುಮಾರು 1150 ಮೀಟರ್ ಎತ್ತರ, ಗಾಳಿಯ ಒತ್ತಡ ಕಡಿಮೆ, ಅಲ್ಲಿ ತೆರೆದ ಪಾತ್ರೆಯ ನೀರು 96ಕ್ಕೇ ಕುದಿತದೆ. ಕ್ಯಾಪ್ ಇದ್ರೆ 108. ಈಗ ಎಲ್ಲೋ ಒಂದು ಸಣ್ಣ ಒಟ್ಟೆ, ಪ್ರೆಶರ್ ನಿಲ್ಲುದಿಲ್ಲ ಅಂತಿಟ್ಕೊಳ್ಳಿ, ಆ 12 ಡಿಗ್ರಿ ಹೋಯ್ತು, ಅದೂ ಇಂಜಿನ್ ಸೆಕೆಂಡ್ ಗೇರಲ್ಲಿ ಏದುಸಿರು ಬಿಡುವ ಹೊತ್ತಿಗೆ. ಮನೆಯಂಗಳದಲ್ಲಿ ಸರಿ ಇದ್ದ ಕಾರು ಘಾಟಿಯಲ್ಲಿ ಕುದಿಯುದಕ್ಕೆ ಇನ್ನು ದೃಷ್ಟಿ ಬೇಕಾ? ಬಿಸಿ ಇರುವಾಗ ಕ್ಯಾಪ್ ತೆಗೀಬಾರದು ಅನ್ನುದೂ ಇದಕ್ಕೇ, ಪ್ರೆಶರ್ ಹೋದ ಕೂಡ್ಲೇ 105 ಡಿಗ್ರಿಯ ನೀರು ಒಟ್ಟಿಗೇ ಕುದ್ದು ಮುಖಕ್ಕೆ ಹಾರ್ತದೆ.

ಲೀಕ್ ಹುಡುಕುದೂ ಪ್ರೆಶರಿನಿಂದಲೇ. ಅಡಿಕೆ ತೋಟದ ಸ್ಪ್ರಿಂಕ್ಲರ್ ಪೈಪಲ್ಲಿ ಒಟ್ಟೆ ಎಲ್ಲಿ ಉಂಟು ಅಂತ ಪಂಪು ಬಂದ್ ಇರುವಾಗ ಯಾರಾದ್ರೂ ಹುಡುಕ್ತಾರಾ? ಪಂಪು ಹಾಕಿದ್ರೆ ಅದೇ ಚಿಮ್ತದೆ. ಹಾಗೆಯೇ ತಣ್ಣಗಿನ ಇಂಜಿನಿಗೆ ಕ್ಯಾಪಿನ ಜಾಗದಲ್ಲಿ ಪ್ರೆಶರ್ ಟೆಸ್ಟರ್ ಕೂರಿಸಿ, ಕ್ಯಾಪಲ್ಲಿ ಬರೆದಷ್ಟೇ, ಜಾಸ್ತಿ ಬೇಡ, ಕೈಪಂಪಲ್ಲಿ ಒತ್ತಿ ಹತ್ತು ನಿಮಿಷ ಬಿಡಿ. ಮುಳ್ಳು ಇಳಿದ್ರೆ ಒಟ್ಟೆ ಉಂಟು. ಬಿಸಿ ಇಂಜಿನಲ್ಲಿ ಹನಿ ಬೀಳುವ ಮೊದಲೇ ಆವಿಯಾಗಿ ಹೋಗ್ತದೆ, ಬಿಳಿಯೋ ಹಸಿರೋ ಕಲೆ ಮಾತ್ರ ಉಳಿತದೆ, ಟಾರ್ಚ್ ಹಿಡಿದು ಆ ಕಲೆ ಹುಡುಕಬೇಕು. ಹೋಸ್ ತುದಿ, ಕ್ಲಾಂಪು, ರೇಡಿಯೇಟರಿನ ಬೆಸುಗೆ, ಇವೆಲ್ಲ ಕಣ್ಣಿಗೆ ಸಿಗ್ತವೆ. ಮುಳ್ಳು ಇಳಿದೂ ಹೊರಗೆ ಎಲ್ಲೂ ಒದ್ದೆ ಇಲ್ಲದಿದ್ರೆ ಹೆದರ್ಬೇಕು, ನೀರು ಇಂಜಿನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ದಾಟಿ ಸಿಲಿಂಡರಿಗೋ ಆಯಿಲಿಗೋ ಹೋಗ್ತಿರಬಹುದು. ಅದಕ್ಕೊಂದು ಚಂದದ ಪರೀಕ್ಷೆ ಉಂಟು: ಓಡುವ ಇಂಜಿನಿನ ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೀತಾರೆ, ಉರಿದ ಪೆಟ್ರೋಲಿನ ಕಾರ್ಬನ್ ಡೈ ಆಕ್ಸೈಡ್ ಅದರಲ್ಲಿ ಸೇರಿದ್ರೆ ದ್ರಾವಣ ಹುಳಿಯಾಗಿ ಹಳದಿಗೆ ತಿರುಗ್ತದೆ. ಅರಸಿನ ಹಾಕದೇನೇ ಹಳದಿ.

ಮಾವನ ಕಾರಲ್ಲಿ ಸಿಕ್ಕಿದ್ದು ಎರಡು. ಒಂದು, ಕ್ಯಾಪಿನ ರಬ್ಬರ್ ಕಲ್ಲಾಗಿತ್ತು. ಇನ್ನೊಂದು ವಾಟರ್ ಪಂಪ್. ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರ್ತದೆ, ವೀಪ್ ಹೋಲ್ ಅಂತಾರೆ, ಬೇಕಂತಲೇ ಇಟ್ಟದ್ದು. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದೆ ಅಲ್ಲಿಂದ ಹನಿದು ನಮಗೆ ಸುದ್ದಿ ಕೊಡಬೇಕು. ನಮ್ಮ ಅರಸಿನದ ಮೆಕ್ಯಾನಿಕ್ ಆ ತೂತಿಗೆ ಎಪಾಕ್ಸಿ ಮೆತ್ತಿದ್ರು! ನೀರು ಬೇರಿಂಗಿಗೆ ಹೋಗಿ ಅದೂ ಹಾಳು. ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಸೀಲ್ ಬೇಗ ಸವೆದದ್ದು ಯಾಕೆ ಅಂತ ನೋಡಿದ್ರೆ ಕತೆ ರೇಡಿಯೇಟರಿಗೆ ತುಂಬಿಸುವ ನಮ್ಮ ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ) ನೀರಿಗೇ ಬರ್ತದೆ. ಮುರಕಲ್ಲಿನ ನೀರು ಕುಡೀಲಿಕ್ಕೆ ಎಷ್ಟು ರುಚಿಯಾದ್ರೂ ಗುಣದಲ್ಲಿ ಸ್ವಲ್ಪ ಆಮ್ಲ. ಪದ್ಮಿನಿಯ ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ತಾಮ್ರ ಹಿತ್ತಾಳೆ. ಬೇರೆ ಬೇರೆ ಲೋಹ, ನಡುವೆ ಹುಳಿ ನೀರು, 1800ರಲ್ಲಿ ವೋಲ್ಟಾ ಬ್ಯಾಟರಿ ಮಾಡಿದ್ದೂ ಹೆಚ್ಚುಕಮ್ಮಿ ಇದೇ ಸೂತ್ರದಲ್ಲಿ. ಆ ಬ್ಯಾಟರಿ ಇಪ್ಪತ್ನಾಲ್ಕು ಗಂಟೆ ಅಲ್ಯೂಮಿನಿಯಂ ತಿಂತಾ ಇರ್ತದೆ, ಉದುರಿದ ತುಕ್ಕು ಮರಳಿನ ಹಾಗೆ ಸೀಲನ್ನು ಉಜ್ಜುತ್ತದೆ. "ನಮ್ಮಲ್ಲಿ ಹಿಮ ಬೀಳುದಿಲ್ಲ, ಕೂಲಂಟ್ ಯಾಕೆ" ಅಂತ ಕೇಳುವವರಿಗೆ ಉತ್ತರ ಇದೇ, ಕೂಲಂಟ್ ಅಂದ್ರೆ ನೀರು ಹೆಪ್ಪುಗಟ್ಟದ ಹಾಗೆ ಬೆರೆಸುವ ದ್ರವ ಹೌದು, ಆದ್ರೆ ಅದರಲ್ಲಿರುವ ತುಕ್ಕು ತಡೆಯುವ ಮದ್ದು ನಮಗೆ ಬೇಕಾದ್ದು. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ನೆಲಕ್ಕೆ ಚೆಲ್ಲಿದ್ರೆ ಕೂಡ್ಲೇ ತೊಳೀರಿ, ಸಿಹಿ ಅಂತ ನಾಯಿ ನೆಕ್ಕಿದ್ರೆ ಸಾಯ್ತದೆ.

ಹೊಸ ಪಂಪು, ಹೊಸ ಕ್ಯಾಪು ಹಾಕುವ ಮೊದಲು ರೇಡಿಯೇಟರ್ ಬಿಚ್ಚಿ ಉಲ್ಟಾ ಹಿಡಿದು ನೀರು ಬಿಟ್ಟೆವು. ಮೊದಲ ಎರಡು ಬಕೆಟು ನೋಡಿ ಅತ್ತೆ ಸಾರು ಅಂದ್ರು.